ಹಳೇ ಕಟಗಿ ದಾರಿ, ಸೈಕಲ್ ಟಾಯರ್, ನಮ್ಮ ಮಣ್ಣು

ಮೌಂಟೇನ್ ಬೈಕಿಂಗ್ ಅಂದ ಕೂಡ್ಲೇ ನಮ್ಮ ಕಡೆ ಹುಡುಗ್ರು ಸಕಲೇಶಪುರ, ಕೊಡಗು ಅಂತಾರ, ಕಲಬುರಗಿ ಬಿಸಲಾಗ ಎಲ್ಲಿ ಗುಡ್ಡ ಎಲ್ಲಿ ಕಾಡು ಅಂತ ಕೇಳ್ತಾರ. ಚಿಂಚೋಳಿ ಕಡೆ ಒಮ್ಮೆ ಹೋಗಿ ನೋಡ್ರಿ. ತೆಲಂಗಾಣ ಗಡಿಗೆ ಹತ್ತಿ ಸುಮಾರು 134 ಚದರ ಕಿಲೋಮೀಟರ್ ಎಲಿ ಉದುರೋ ಒಣ ಕಾಡು ಅದ, 2011ರಾಗ ವನ್ಯಜೀವಿ ಧಾಮ ಅಂತ ಘೋಷಣೆ ಆಗ್ಯದ, ತೋಳ, ಕತ್ತೆಕಿರುಬ ಇರೋ ಜಾಗ ಅದು. ಇಂಥಾ ಕಾಡಿನ ಅಂಚಿನಾಗ ಹಿಂದ ಕಟಗಿ ಹೇರಿಕೊಂಡು ಗಾಡಿ ಓಡಾಡಿದ ದಾರಿ ಅಲ್ಲಲ್ಲಿ ಇನ್ನೂ ಉಳದಾವ, ಸೈಕಲ್ ಹೊಡಿಯೋರಿಗೆ ಇದಕ್ಕಿಂತ ಛಲೋ ದಾರಿ ಸಿಗಂಗಿಲ್ಲ ಅಂತ ನನಗ ಖರೇನ ಅನಸ್ತದ.

ಯಾಕ ಛಲೋ ಅಂದ್ರ, ಕಟಗಿ ತುಂಬಿದ ಬಂಡಿ ಆಗ್ಲಿ ಲಾರಿ ಆಗ್ಲಿ ಕಡಿದಾದ ಏರು ಹತ್ತಂಗಿಲ್ಲ, ಹಂಗಾಗಿ ದಾರಿ ಮಾಡಿದವರು ಗುಡ್ಡ ಸುತ್ತಿ ಸುತ್ತಿ ನಿಧಾನ ಏರೋ ಹಂಗ ಮಾಡಿರ್ತಾರ. ನೂರು ಮೀಟರ್ ಹೋದ್ರ ಎಂಟ್ಹತ್ತು ಮೀಟರ್ ಏರಿದ್ರ ಹೆಚ್ಚು. ಎತ್ತಿಗೆ ಹಗುರಾದ ಏರು ಮನುಷ್ಯನ ಕಾಲಿಗೂ ಹಗುರ.

ಗಾಡಿ ನಿಂತು ವರ್ಷಗಟ್ಟಲೆ ಆದ್ರೂ ದಾರಿ ಮುಚ್ಚಿ ಹೋಗಂಗಿಲ್ಲ. ಗಾಲಿ ಹಾದ ಎರಡು ಪಟ್ಟಿ ಬೋಳು ಇರ್ತಾವ, ನಡುವಿನ ಪಟ್ಟಿಯಾಗ ಮಾತ್ರ ಹುಲ್ಲು ಬೆಳದಿರ್ತದ. ಮಣ್ಣಿನ ಕಣದ ನಡುವ ಗಾಳಿ ನೀರು ಓಡಾಡಲಿಕ್ಕೆ ಸಣ್ಣ ಸಣ್ಣ ಸಂದಿ ಇರ್ತಾವಲ್ಲ, ಭಾರದ ಗಾಲಿ ಅವನ್ನ ಒತ್ತಿ ಮುಚ್ಚಿಬಿಡ್ತದ, ಆಮ್ಯಾಲ ಬೇರು ಇಳಿಯಂಗಿಲ್ಲ, ನೀರೂ ಇಂಗಂಗಿಲ್ಲ. ಹಿಂಗ ಆಳಕ್ಕ ಗಟ್ಟಿಯಾದ ಮಣ್ಣು ಮತ್ತ ಸಡಿಲಾಗಬೇಕಂದ್ರ ಎಷ್ಟೋ ದಶಕ ಬೇಕು. ಸೈಕಲ್ಲಿಗೆ ಅದು ಗಟ್ಟಿ ನೆಲ, ಗಿಡಕ್ಕ ಮಾತ್ರ ಕಲ್ಲು ಇದ್ದಂಗ.

ಈಗ ಟಾಯರಿಗೆ ಬರೋಣ. ಪಂಕ್ಚರ್ ಅಂಗಡಿಗೆ ಹೋದ್ರ ಟಣ್ ಅನ್ನೋ ಹಂಗ ಗಾಳಿ ತುಂಬಿ ಕಳಸ್ತಾರ, ಡಾಂಬರ್ ರೋಡಿಗೆ ಅದು ಸರಿ, ಕಾಡಿನ ದಾರಿಗೆ ಬ್ಯಾಡ. ಒಂದು ಸಣ್ಣ ಲೆಕ್ಕ ಮಾಡ್ರಿ. ಸವಾರ, ಸೈಕಲ್ ಕೂಡಿ 85 ಕಿಲೋ ಇದ್ರ ಹಿಂದಿನ ಗಾಲಿ ಮ್ಯಾಲ ಸುಮಾರು 50 ಕಿಲೋ ಬೀಳ್ತದ. 50 ಪಿಎಸ್‌ಐ ಗಾಳಿ ಅಂದ್ರ ಒಂದು ಚದರ ಸೆಂಟಿಮೀಟರಿಗೆ 3.5 ಕಿಲೋ ಒತ್ತಡ, ಅಂದಮ್ಯಾಲ 50 ಕಿಲೋ ಹೊರಲಿಕ್ಕೆ ಟಾಯರ್ ನೆಲಕ್ಕ ಮುಟ್ಟೋದು 14 ಚದರ ಸೆಂಟಿಮೀಟರ್ ಸಾಕು. ಗಾಳಿ 25 ಪಿಎಸ್‌ಐಗೆ ಇಳಿಸಿದ್ರ 28 ಆಗ್ತದ. ಸೈಕಲ್ ಅದೇ, ನೆಲ ಹಿಡಿಯೋ ಜಾಗ ಮಾತ್ರ ಡಬಲ್, ಸಣ್ಣ ಕಲ್ಲು ಬಂದ್ರ ಟಾಯರ್ ಬಗ್ಗಿ ಅದನ್ನ ನುಂಗ್ತದ, ಪುಟದು ಬೀಳಸಂಗಿಲ್ಲ. ಆದ್ರ ಟ್ಯೂಬ್ ಇದ್ದ ಟಾಯರಿನಾಗ ಇಷ್ಟು ಇಳಿಸಿದ್ರ ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬ್ ಸಿಕ್ಕು ಎರಡು ತೂತು ಬೀಳ್ತಾವ. ಅದಕ್ಕ ಟ್ಯೂಬ್‌ಲೆಸ್. ಒಳಗಿನ ಲೇಟೆಕ್ಸ್ ದ್ರಾವಣ ತೂತಿನ ಕಡೆ ನುಗ್ಗಿ ಅಲ್ಲೇ ಗಟ್ಟಿಯಾಗಿ ಮುಚ್ಚಿಬಿಡ್ತದ, ಜಾಲಿ ಮುಳ್ಳಿನ ನಾಡಿನಾಗ ಇದು ಭಾಳ ದೊಡ್ಡ ಉಪಕಾರ.

ಇಳಿಜಾರಿನಾಗ ಮಾತು ಬ್ರೇಕಿಂದು. ಈ ಆಟ ರೂಪ ತಗೊಂಡಿದ್ದ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಾಗ, 1976ರಾಗ ಅಲ್ಲಿ ಕಾಡ್ಗಿಚ್ಚು ಆರಿಸಲಿಕ್ಕೆ ಮಾಡಿದ ಒಂದು ಮಣ್ಣಿನ ರಸ್ತೆ ಮ್ಯಾಲ ಹಳೇ ದಪ್ಪ ಟಾಯರಿನ ಸೈಕಲ್ ತಗೊಂಡು ರೇಸ್ ಶುರು ಮಾಡಿದ್ರು. ಇಳಿದು ಮುಗಿಯೋದ್ರಾಗ ಹಿಂದಿನ ಗಾಲಿ ನಡುವಿನ ಹಬ್ ಒಳಗಿನ ಬ್ರೇಕ್ ಕಾದು ಗ್ರೀಸ್ ಸುಟ್ಟು ಹೊಗೆ ಬರೋದು, ಪ್ರತಿ ಸಲ ಗ್ರೀಸ್ ಮತ್ತ ತುಂಬಬೇಕು, ಅದಕ್ಕ ಆ ದಾರಿಗೆ ರಿಪ್ಯಾಕ್ ಅಂತ ಹೆಸರು ಬಿತ್ತು. ಅಲ್ಲಿ ಇಳಿಯೋ ಎತ್ತರ ಸುಮಾರು 400 ಮೀಟರ್. 85 ಕಿಲೋ ಅಷ್ಟು ಎತ್ತರದಿಂದ ಇಳಿದ್ರ ಬಿಡುಗಡೆ ಆಗೋ ಶಕ್ತಿ 330 ಕಿಲೋಜೌಲ್ ಮ್ಯಾಲ, ಒಂದು ಲೀಟರ್ ನೀರು ಕುದಿಸಲಿಕ್ಕೆ ಅಷ್ಟು ಸಾಕು. ಒಂದಿಷ್ಟು ಗಾಳಿ ತಿಂತದ, ಒಂದಿಷ್ಟು ಟಾಯರ್ ತಿಂತದ, ಉಳಿದದ್ದೆಲ್ಲ ಬ್ರೇಕಿಗೇ. ಅದಕ್ಕ ಇಳಿಯುವಾಗ ಪೂರ್ತಿ ದಾರಿ ಬ್ರೇಕ್ ಹಿಡಕೊಂಡೇ ಬರಬ್ಯಾಡ್ರಿ, ಹಿಡದು ಬಿಟ್ಟು ಹಿಡದು ಬಿಟ್ಟು ಬಂದ್ರ ನಡುನಡುವ ಆರಲಿಕ್ಕೆ ಅದಕ್ಕ ಪುರಸೊತ್ತು ಸಿಗ್ತದ.

ನನಗ ಇದಕ್ಕಿಂತ ಹೆಚ್ಚು ಹೇಳಬೇಕಂತಿರೋದು ಮಳಿ ಬಗ್ಗೆ. ಗಟ್ಟಿಯಾದ ಗಾಲಿ ಪಟ್ಟಿ ಮ್ಯಾಲ ನೀರು ಇಂಗಂಗಿಲ್ಲ ಅಂದೆನಲ್ಲ, ಅದು ಪಟ್ಟಿಯೊಳಗ ಕೂಡಿಕೊಂಡು ಹರೀತದ. ಕೂಡಿದಷ್ಟು ಆಳ, ಆಳ ಆದಷ್ಟು ವೇಗ. ಹರಿಯೋ ನೀರಿಗೆ ಒಂದು ಲೆಕ್ಕ ಅದ, ವೇಗ ಎರಡು ಪಟ್ಟು ಆದ್ರ ಅದು ದಬ್ಬಿಕೊಂಡು ಹೋಗಬಲ್ಲ ಕಲ್ಲಿನ ತೂಕ 64 ಪಟ್ಟು ಆಗ್ತದ, ಎರಡರ ಆರನೇ ಘಾತ. ಮೊದ್ಲ ಮಣ್ಣು ಹೋಗ್ತದ, ಆಮ್ಯಾಲ ಹರಳು, ಆಮ್ಯಾಲ ಮುಷ್ಟಿ ಗಾತ್ರದ ಕಲ್ಲು, ಕಡಿಗೆ ದಾರಿ ಹೋಗಿ ಕೊರಕಲು ಆಗ್ತದ. ಹಸಿ ಮಣ್ಣಿನಾಗ ಸೈಕಲ್ ಹೊಡದ್ರ ಟಾಯರ್ ಎಳೆದ ಒಂದೊಂದು ಗೆರಿನೂ ನೀರಿಗೆ ಹೊಸ ಕಾಲುವೆ.

ಅದ್ರಾಗೂ ಎಲ್ಲಾ ಮಣ್ಣು ಒಂದೇ ಅಲ್ಲ. ಬೀದರ್ ಊರು ಕುಂತಿರೋದು ಜಂಬಿಟ್ಟಿಗೆ ಕಲ್ಲಿನ ಮ್ಯಾಲ, ಕಬ್ಬಿಣ ಅಲ್ಯೂಮಿನಿಯಂ ಆಕ್ಸೈಡ್ ತುಂಬಿದ ತೂತು ತೂತು ಕಲ್ಲು, ನೀರು ಬಿದ್ರ ಸೀದಾ ಕೆಳಗ ಇಳೀತದ. ಕೆಳಗಿನ ಗಟ್ಟಿ ಬಸಾಲ್ಟ್ ಅದನ್ನ ತಡೀತದ, ಆ ನೀರನ್ನೇ ಬಹಮನಿ ಕಾಲದಾಗ ನೌಬಾದಿನ ಸುರಂಗ ಬಾವಿಯೊಳಗ ಹಾಯಿಸಿ ಊರಿಗೆ ತಂದಿದ್ರು. ಇಂಥಾ ಕೆಂಪು ಮುರಂ ದಾರಿ ಮಳಿ ನಿಂತ ಸ್ವಲ್ಪ ಹೊತ್ತಿಗೇ ಗಾಲಿ ತಡೀತದ. ಎರಿ ಮಣ್ಣು ಪೂರ್ತಿ ಬ್ಯಾರೆ. ಅದರ ಜೇಡಿ ಕಣ ಪೇರಿಸಿಟ್ಟ ಕಡಕ್ ರೊಟ್ಟಿ ಹಂಗ ಪದರ ಪದರ, ಪದರದ ನಡುವ ನೀರು ಹೊಕ್ಕು ಉಬ್ಬತಾವ, ಒಣಗಿದ್ರ ಕುಗ್ಗಿ ಕೈ ಹೋಗೋವಷ್ಟು ಬಿರುಕು ಬಿಡ್ತಾವ. ಹಸಿ ಇದ್ದಾಗ ಹತ್ತು ಹೆಜ್ಜಿ ಹೋಗೋದ್ರಾಗ ಟಾಯರಿಗೆ ಮೆತ್ತಿ, ಫೋರ್ಕಿನಾಗ ತುಂಬಿ, ಗಾಲಿ ತಿರುಗೋದೇ ನಿಂತು ಬಿಡ್ತದ, ಎಳೆದ್ರ ಸೈಕಲ್ಲಿಗಿಂತ ಮಣ್ಣೇ ಭಾರ. ಆವಾಗ ಚೂಪು ಕಟಗಿ ತಗೊಂಡು ಕೆರೆಯೋದೊಂದೇ ದಾರಿ, ನೀರು ಹಾಕಿದ್ರ ಇನ್ನಷ್ಟು ಅಂಟ್ತದ.

ಅದಕ್ಕ ನನ್ನ ಮಾತು ಇಷ್ಟ: ಚಿಂಚೋಳಿ ಕಡೆ ಬರೋದಿದ್ರ ಮಳಿ ಪೂರಾ ನಿಂತು ನೆಲ ಒಣಗಿದ ಮ್ಯಾಲ, ನವೆಂಬರ್ ಡಿಸೆಂಬರಿನಾಗ ಬರ್ರಿ. ಧಾಮದ ಒಳಗ ಹೋಗಬೇಕಂದ್ರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕೇ ಬೇಕು, ಅರಣ್ಯ ಇಲಾಖೆಗೆ ಮೊದ್ಲೇ ಕೇಳ್ರಿ, ಇಲ್ಲಂದ್ರ ಹೊರಗಿನ ದಾರಿ ಸಾಕಷ್ಟು ಅವ. ದಾರಿ ನಡುವ ಕೊರಕಲು ಬಂದ್ರ ಪಕ್ಕದ ಹುಲ್ಲು ತುಳದು ಹೊಸ ದಾರಿ ಮಾಡಬ್ಯಾಡ್ರಿ, ಇಳಿದು ಸೈಕಲ್ ಎತ್ತಿಕೊಂಡು ದಾಟ್ರಿ.