ಬ್ರೇಡ್‌ಗೆ ಕಟ್ಟಿದ ಲೀಡರ್ ಜಾರುತ್ತದೆ, ಒಂದು ಹನಿ ಗೋಂದು ಹಾಕಬಹುದೇ?

ಪ್ರಶ್ನೆ: ಗೊರೂರಿನ ಹಿನ್ನೀರಿನಲ್ಲಿ ಗಾಳ ಹಾಕಿ ಅಭ್ಯಾಸವಿದೆ. ಈಚೆಗೆ ಮಂಗಳೂರಿನ ಕಡಲತೀರಕ್ಕೂ ಹೋಗುತ್ತಿದ್ದೇವೆ. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರಕ್ಕೆ ನೈಲಾನ್ ಲೀಡರ್ (ಬೀಸಿನ ಹೊಡೆತ ತಾಳಲೆಂದು ತುದಿಗೆ ಕಟ್ಟುವ ದಪ್ಪ ದಾರ) ಕಟ್ಟಿ ಬೀಸಿದರೆ ಗಂಟು ಜಾರಿ, ಸೀಸದ ಗುಂಡು ಲೀಡರ್ ಸಮೇತ ಸಮುದ್ರ ಸೇರುತ್ತದೆ. ಗಂಟಿನ ಮೇಲೆ ಸೂಪರ್ ಗ್ಲೂ ಹಾಕಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ಶಿರಾಡಿ ಘಾಟಿ ಇಳಿದು ಕಡಲಿಗೆ ಹೋಗಿಬರುವ ಹಾಸನದ ಗೆಳೆಯರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಯಾರಾದರೂ ಕಿಸೆಯಿಂದ ಗೋಂದಿನ ಬಾಟಲಿ ತೆಗೆದರೆ ಮೊದಲು ಆ ಬಾಟಲಿಯನ್ನೇ ನೋಡಿ ಎನ್ನುತ್ತೇನೆ. ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಒಂದು ಬಗೆಯಾದ ಪಾಲಿಎಥಿಲೀನ್‌ನಿಂದ ಮಾಡಿದ್ದು. ಗೋಂದು ಅದಕ್ಕೆ ಅಂಟುವುದಿಲ್ಲವೆಂಬ ಕಾರಣಕ್ಕೇ ಅದರಲ್ಲಿ ತುಂಬಿಸಿಡಲು ಸಾಧ್ಯವಾಗಿದೆ. ಬ್ರೇಡ್‌ನ ಎಳೆಗಳೂ ಪಾಲಿಎಥಿಲೀನ್‌ನವೇ. ಮಹಡಿಯ ಮೇಲೆ ಅದೇ ಪ್ಲಾಸ್ಟಿಕ್ಕಿನ ಕಪ್ಪು ಬಣ್ಣದ ನೀರಿನ ಟ್ಯಾಂಕ್ ಸೀಳಿದಾಗ ರಿಪೇರಿಯವನು ಗೋಂದು ಹಚ್ಚುವುದಿಲ್ಲ, ಕಾಯಿಸಿ ಕರಗಿಸಿ ಬೆಸೆಯುತ್ತಾನೆ. ಅವನಿಗೆ ಗೊತ್ತಿರುವ ವಿಷಯ ನಮ್ಮ ಗಾಳದವರಿಗೆ ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ.

"ಆದರೆ ಕೈಯಲ್ಲಿ ಎಳೆದಾಗ ಗಟ್ಟಿಯಾಗಿತ್ತಲ್ಲ" ಎಂಬ ವಾದ ಪ್ರತಿಸಲವೂ ಬರುತ್ತದೆ. ಗೋಂದು ನೈಲಾನ್ ಲೀಡರನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ಬ್ರೇಡ್‌ನ ಸುತ್ತುಗಳ ಮೇಲೆ ಚಿಪ್ಪಿನಂತೆ ಒಣಗುತ್ತದೆ; ಹಗುರವಾಗಿ ಎಳೆದಾಗ ಆ ಚಿಪ್ಪೇ ತಡೆದು ನಿಲ್ಲಿಸುತ್ತದೆ. ಇಂಥ ಒಂದು ಗಂಟನ್ನು ನಾನು ಕಿಟಕಿಯ ಸರಳಿಗೆ ಬಿಗಿದು ಜಗ್ಗಿ ನೋಡಿದ್ದೇನೆ. ಚಿಪ್ಪು ಚಟಕ್ಕನೆ ಒಡೆದು ಬ್ರೇಡ್ ನುಣುಪಾಗಿ ಹೊರಬಂತು, ಅದರ ಮೇಲೆ ಗೋಂದಿನ ಗುರುತೂ ಇರಲಿಲ್ಲ. ಒಂದು ವೇಳೆ ಚಿಪ್ಪು ಒಡೆಯದೆ ಉಳಿದರೂ ಅದು ಮುಗಿಯುವಲ್ಲಿ ಮೆತ್ತನೆಯ ದಾರ ಪ್ರತಿ ಬೀಸಿಗೂ ಅದೇ ಜಾಗದಲ್ಲಿ ಮಡಿಯುತ್ತ ಎಳೆ ಎಳೆಯಾಗಿ ಸವೆಯುತ್ತದೆ.

ಹಾಗಾದರೆ ಹಿಡಿದಿಡುವುದು ಯಾವುದು? ಹೋರಿಯ ಹಗ್ಗವನ್ನು ಗೂಟಕ್ಕೆ ನಾಲ್ಕು ಸುತ್ತು ಸುತ್ತಿ ತುದಿಯನ್ನು ಹಿಡಿದವನ ಕೈಗೆ ಹೋರಿಯ ಬಲ ತಟ್ಟುವುದೇ ಇಲ್ಲ. ಬ್ರೇಡನ್ನು ಲೀಡರಿಗೆ ಕಟ್ಟುವ ಎಫ್‌ಜಿ ಎಂಬ ಗಂಟು ಇದೇ ಲೆಕ್ಕದ್ದು. ಲೀಡರ್ ಇಲ್ಲಿ ಗೂಟ, ಅದನ್ನು ಮಡಚುವುದೇ ಇಲ್ಲ. ಬ್ರೇಡನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸುಮಾರು 20 ಸಲ ಅದರ ಸುತ್ತ ಹೆಣೆದು, ಒದ್ದೆ ಮಾಡಿ, ಎರಡೂ ಕಡೆಯಿಂದ ನಿಧಾನವಾಗಿ ಜಗ್ಗಬೇಕು. ಸುತ್ತುಗಳು ಒತ್ತೊತ್ತಾಗಿ ಕೂತು ಬ್ರೇಡ್‌ನ ಬಣ್ಣ ಗಾಢವಾದಾಗ ಅದು ಲೀಡರಿನ ಮೈಗೆ ಕಚ್ಚಿದೆ ಎಂದರ್ಥ. ಬಣ್ಣ ಬದಲಾಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿ. ಬಳಿಕ ಅರೆಗಂಟುಗಳಿಂದ ಭದ್ರಪಡಿಸಿ, ಲೀಡರಿನ ತುದಿಯನ್ನು ಗಂಟಿಗೆ ಹತ್ತಿರವಾಗಿ ಕತ್ತರಿಸಿ, ಇನ್ನೂ ಮೂರು ನಾಲ್ಕು ಅರೆಗಂಟುಗಳನ್ನು ಬ್ರೇಡ್ ಮೇಲೆ ಮಾತ್ರ ಹಾಕಿ. ಇದನ್ನು ಮನೆಯಲ್ಲಿ ಕೂತು ಮಾಡಿಕೊಂಡು ಹೋಗಿ. ಕಡಲ ಗಾಳಿಯಲ್ಲಿ, ಮರಳಿನ ಕೈಯಲ್ಲಿ ಆಗುವ ಕೆಲಸವಲ್ಲ. ಅಲ್ಲಿ ಲೀಡರ್ ತುಂಡಾದರೆ ಡಬಲ್ ಯೂನಿ ಗಂಟು (ಎರಡೂ ದಾರಗಳನ್ನು ಒಂದರ ಮೇಲೊಂದು ಸುತ್ತಿ ಎದುರುಬದುರಾಗಿ ಬಿಗಿಯುವ ಗಂಟು) ಸಾಕು, ಬ್ರೇಡ್ ಕಡೆ ಸುತ್ತುಗಳನ್ನು ಹೆಚ್ಚಿಸಿ.

ಲೀಡರ್ ಎಷ್ಟು ದಪ್ಪ ಎಂಬುದಕ್ಕೆ ಹಳೆಯ ಲೆಕ್ಕವಿದೆ: ಗುಂಡಿನ ಪ್ರತಿ ಔನ್ಸ್‌ಗೆ, ಅಂದರೆ 28 ಗ್ರಾಂಗೆ, 10 ಪೌಂಡ್ ಎಳೆತ ತಾಳುವ ಲೀಡರ್. 4 ಔನ್ಸ್ ಗುಂಡಿಗೆ 40 ಪೌಂಡಿನ ಲೀಡರ್. ಲೀಡರಿನ ಉದ್ದ ರಾಡಿನ ಎರಡರಷ್ಟಿದ್ದು, ಬೀಸುವ ಮುನ್ನ ಅದರ ಕೆಲವು ಸುತ್ತು ರೀಲಿನ ಮೇಲೆ ಉಳಿಯಬೇಕು. ಗಾಳ, ಗುಂಡು ಇರುವ ರಿಗ್ಗಿನ ಕಡೆ ಸ್ವಿವೆಲ್ (ತಿರುಗುವ ಕೊಂಡಿ) ಇರುವ ಕ್ಲಿಪ್ ಕಟ್ಟಿದರೆ ಕೆಲಸ ಮುಗಿಯಿತು. ಬ್ರೇಡ್ ಮತ್ತು ಲೀಡರ್ ನಡುವೆ ಮಾತ್ರ ಸ್ವಿವೆಲ್ ಬೇಡ, ಅದು ರಾಡಿನ ಉಂಗುರಗಳಿಗೆ ಬಡಿಯುತ್ತದೆ.

ನೀವು ಕೇಳಿಲ್ಲವಾದರೂ ಇನ್ನೊಂದನ್ನು ಹೇಳಿಬಿಡುತ್ತೇನೆ, ಏಕೆಂದರೆ ಕಾರಣ ಅದೇ ಜಾರುಗುಣ. ನಮ್ಮವರೊಬ್ಬರು ಮೀನು ಎಳೆದಾಗ ಡ್ರ್ಯಾಗ್ (ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ರೀಲಿನ ಬ್ರೇಕ್) ಹಿಡಿಯುತ್ತಿಲ್ಲವೆಂದು ರೀಲನ್ನು ಪೂರ್ತಿ ಬಿಚ್ಚಿಸಿದರು. ಡ್ರ್ಯಾಗ್ ಸರಿಯಾಗಿಯೇ ಇತ್ತು. ಬ್ರೇಡನ್ನು ನೇರವಾಗಿ ದಾರ ಸುತ್ತುವ ನುಣುಪಾದ ಸ್ಪೂಲಿಗೆ ಕಟ್ಟಿದ್ದರಿಂದ ದಾರದ ಇಡೀ ಉಂಡೆಯೇ ಅದರ ಮೇಲೆ ಗಿರಗಿರನೆ ತಿರುಗುತ್ತಿತ್ತು. ಮೊದಲು ಹತ್ತಿಪ್ಪತ್ತು ಸುತ್ತು ನೈಲಾನ್ ದಾರ ಸುತ್ತಿ, ಅದರ ತುದಿಗೆ ಬ್ರೇಡ್ ಕಟ್ಟಿ, ಬಿಗಿಯಾಗಿ ತುಂಬಿಸಿದ ಮೇಲೆ ಆ ರೀಲು ಮತ್ತೆ ರಿಪೇರಿಗೆ ಹೋಗಿಲ್ಲ.