ಎಲ್‌ಇಡಿ ಹತ್ತಿಸಲು ಕರ್ನಲ್ ಅಪ್ಪಣೆ ಯಾಕೆ?

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನ 17ನೇ ಜಿಪಿಐಓಗೆ (ಪ್ರೋಗ್ರಾಂ ಬಳಸಬಹುದಾದ ಇನ್‌ಪುಟ್-ಔಟ್‌ಪುಟ್ ಪಿನ್) ಒಂದು ಎಲ್‌ಇಡಿ ಸಿಕ್ಕಿಸಿದ್ದೀರಿ. ಅದನ್ನು ಹತ್ತಿಸೋದು ಅಂದ್ರೆ ಒಂದು ವಿಳಾಸಕ್ಕೆ ಒಂದು ಸಂಖ್ಯೆ ಬರೆಯೋದು, ಅಷ್ಟೇ. ಪಿನ್‌ಗಳನ್ನು ನಿಯಂತ್ರಿಸುವ ರಿಜಿಸ್ಟರ್‌ಗಳೂ (ಚಿಪ್ ಒಳಗಿನ ಪುಟ್ಟ ಖಾನೆಗಳು) ಪ್ರೊಸೆಸರ್‌ಗೆ ಮೆಮೊರಿಯ ಹಾಗೇ ಕಾಣುತ್ತವೆ. ಮೊದಲ ಪೈನಲ್ಲಿ ಅವುಗಳ ವಿಳಾಸ ಹೆಕ್ಸಾಡೆಸಿಮಲ್‌ನಲ್ಲಿ 20200000. ಸಿ ಭಾಷೆಯಲ್ಲಿ ಒಂದು ಪಾಯಿಂಟರ್‌ಗೆ (ವಿಳಾಸ ಹಿಡಿದಿಡುವ ವೇರಿಯಬಲ್) ಇದನ್ನು ಕೊಟ್ಟು ಬರೆದರೆ ಆಯ್ತು, ಅಲ್ವಾ? ಬರೆದು ನೋಡಿ. ಸೆಗ್ಮೆಂಟೇಶನ್ ಫಾಲ್ಟ್ ಅಂತ ಪ್ರೋಗ್ರಾಂ ಸತ್ತುಹೋಗುತ್ತದೆ.

ಪ್ರೋಗ್ರಾಂಗೆ ಕಾಣುವುದು ಚಿಪ್‌ನ ನಿಜವಾದ ವಿಳಾಸವೇ ಅಲ್ಲ. ಪ್ರತಿ ಪ್ರೋಗ್ರಾಂಗೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಂದೊಂದು ಪೇಜ್ ಟೇಬಲ್ (ಪ್ರೋಗ್ರಾಂನ ವಿಳಾಸ ನಿಜವಾಗಿ ಎಲ್ಲಿಗೆ ಅನ್ನುವ ಪಟ್ಟಿ) ಇಟ್ಟಿರುತ್ತದೆ. ಅದರಲ್ಲಿ ಇಲ್ಲದ ಜಾಗ ಮುಟ್ಟಿದರೆ ವಿಳಾಸಗಳನ್ನು ನೋಡಿಕೊಳ್ಳುವ ಎಂಎಂಯು ಎಂಬ ಯಂತ್ರಭಾಗ ತಡೆಯುತ್ತದೆ. ಒಳಗೆ ಹೋಗಲು, ನಿಜವಾದ ವಿಳಾಸಗಳನ್ನೇ ಫೈಲ್‌ನ ಹಾಗೆ ತೋರಿಸುವ ಡೆವ್ ಮೆಮ್ (/dev/mem) ಇದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅದನ್ನು ತೆರೆದು, ಎಂಮ್ಯಾಪ್ ಮಾಡಿ, ಅಂದ್ರೆ ಅದರ ತುಂಡನ್ನು ನಿಮ್ಮ ಮೆಮೊರಿಗೆ ಜೋಡಿಸಲು ಹೇಳಿ, 4096 ಬೈಟಿನ ಒಂದು ಪೇಜ್ ಕೇಳಬೇಕು. ಕರ್ನಲ್ ಅದನ್ನು ನಿಮ್ಮ ಪೇಜ್ ಟೇಬಲ್‌ಗೆ ಸೇರಿಸಿ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಬರೆದದ್ದೆಲ್ಲ ನೇರ ಚಿಪ್‌ಗೆ. ಪಾಯಿಂಟರ್‌ಗೆ ವೊಲಟೈಲ್ ಹಾಕಲು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಕಂಪೈಲರ್ ನೀವು ಬರೆಯುವ ಕೆಲವನ್ನು ದಂಡ ಅಂದುಕೊಂಡು ಕೈಬಿಡಬಹುದು. ಅದನ್ನು ಮರೆತು ನಾನು ಒಂದಿಡೀ ಸಂಜೆ ಪಾಪದ ಎಲ್‌ಇಡಿಯನ್ನೇ ಬೈಯುತ್ತಾ ಕೂತಿದ್ದೆ.

ತೊಂದರೆ ಶುರುವಾಗೋದು ಎರಡನೇ ಪ್ರೋಗ್ರಾಂ ಬಂದಾಗ. ಪಿನ್ ಇನ್‌ಪುಟ್ಟೋ ಔಟ್‌ಪುಟ್ಟೋ ಎಂದು ತೀರ್ಮಾನಿಸಲು ಪ್ರತಿ ಪಿನ್‌ಗೆ 3 ಬಿಟ್. 10ರಿಂದ 19ರ ತನಕದ ಪಿನ್‌ಗಳು ಒಂದೇ ರಿಜಿಸ್ಟರ್‌ನಲ್ಲಿವೆ. ನೀವು ಅದನ್ನು ಓದಿ, 17ರ ಬಿಟ್ ತಿದ್ದಿ, ವಾಪಸ್ ಬರೆಯುವಷ್ಟರಲ್ಲಿ ಇನ್ನೊಂದು ಪ್ರೋಗ್ರಾಂ 18ನ್ನು ತಿದ್ದಿತು ಅನ್ನಿ. ನಿಮ್ಮ ಕೈಲಿರುವುದು ಹಳೇ ಪ್ರತಿ. ಅದನ್ನು ಬರೆದ ಕೂಡಲೇ ಆ ಇನ್ನೊಂದು ಪ್ರೋಗ್ರಾಂನ ತಿದ್ದುಪಡಿ ಅಳಿಸಿಹೋಗುತ್ತದೆ. ಒಂದು ಎರರ್ ಕೂಡ ಬರೋದಿಲ್ಲ! ಆನ್-ಆಫ್ ವಿಷಯದಲ್ಲಿ ಚಿಪ್ ಮಾಡಿದವರು ಜಾಣರು. ಆನ್ ಮಾಡಲು ಒಂದು ರಿಜಿಸ್ಟರ್, ಆಫ್ ಮಾಡಲು ಇನ್ನೊಂದು. 1 ಬರೆದ ಬಿಟ್‌ನ ಪಿನ್ ಮಾತ್ರ ಬದಲಾಗುತ್ತದೆ, ಮೊದಲು ಓದುವ ಗೋಜೇ ಇಲ್ಲ.

ಕರ್ನಲ್‌ನಲ್ಲಿ ಪಿನ್‌ಗಳನ್ನು ನೋಡಿಕೊಳ್ಳುವ ಡ್ರೈವರ್ ಆದರೆ ಲಾಕ್ ಹಾಕಿ ಒಬ್ಬೊಬ್ಬರನ್ನೇ ಒಳಗೆ ಬಿಡಬಲ್ಲದು. ಬಟನ್ ಒತ್ತಿದಾಗಿನ ಇಂಟರಪ್ಟ್ (ಚಿಪ್‌ನ ಎಚ್ಚರಿಕೆ ಸಂಕೇತ) ತಲುಪುವುದೂ ಕರ್ನಲ್‌ಗೇ. ಮ್ಯಾಪ್ ಮಾಡಿಕೊಂಡ ಪ್ರೋಗ್ರಾಂ ಸುಮ್ನೆ ಮತ್ತೆ ಮತ್ತೆ ಇಣುಕುತ್ತಿರಬೇಕು. ಆದರೆ ಡ್ರೈವರ್ ದಾರಿಯಲ್ಲಿ ಪ್ರತಿ ಸಲವೂ ಸಿಸ್ಟಂ ಕಾಲ್ (ಕರ್ನಲ್‌ಗೆ ಒಂದು ಮನವಿ), ಹಾಗಾಗಿ ನಿಧಾನ.

2023ರ ಪೈ 5ರಲ್ಲಿ ಪಿನ್‌ಗಳನ್ನು ಆರ್‌ಪಿ1 ಎಂಬ ಬೇರೆ ಚಿಪ್‌ಗೆ ಸಾಗಿಸಿದರು. ವಿಳಾಸ ನಂಬಿದ್ದ ನನ್ನ ಹಳೇ ಕೋಡ್ ಅಲ್ಲಿಗೇ ಮುಗಿಯಿತು. ಡ್ರೈವರ್ ಮೂಲಕ ಹೋಗುತ್ತಿದ್ದ ಪ್ರೋಗ್ರಾಂನಲ್ಲಿ ಜಿಪಿಐಓಚಿಪ್ 0 (ಪಿನ್‌ಗಳ ಗುಂಪಿಗೆ ಕರ್ನಲ್ ಕೊಟ್ಟ ಹೆಸರು) ಅಂತಿದ್ದುದನ್ನು 4 ಮಾಡಿದೆ. ಎಲ್‌ಇಡಿ ಹತ್ತಿತು.