ಕವಿತೆ ಹಿಂದಿರುಗಿತು, ಪ್ರಶಸ್ತಿ ಉಳಿಯಿತು

ಅಮೆರಿಕದ ಕವಿಗಳ ಜೀವಮಾನದ ಸಾಧನೆಗೆ ಸಲ್ಲುವ ರೂತ್ ಲಿಲಿ ಕಾವ್ಯ ಪ್ರಶಸ್ತಿಯ ಮೊತ್ತ 1,00,000 ಡಾಲರ್. 1986ರಲ್ಲಿ ಏಡ್ರಿಯನ್ ರಿಚ್ ಅವರಿಗೆ ಮೊದಲ ಬಾರಿ ಸಂದಾಗ ಅದು 25,000 ಡಾಲರ್ ಆಗಿತ್ತು. ಪ್ರಶಸ್ತಿಗೆ ಹಣ ಕೊಟ್ಟವರು ತಾವೂ ಕವಿತೆ ಬರೆಯುತ್ತಿದ್ದರು; ಆದರೆ ಪ್ರಶಸ್ತಿ ನೀಡುವ ಪತ್ರಿಕೆಯಲ್ಲಿ ಅವರದೊಂದು ಕವಿತೆಯೂ ಅಚ್ಚಾಗಲಿಲ್ಲ.

ಆ ಪತ್ರಿಕೆ, 1912ರಲ್ಲಿ ಹ್ಯಾರಿಯೆಟ್ ಮನ್ರೋ ಷಿಕಾಗೋದಲ್ಲಿ ಆರಂಭಿಸಿದ ‘ಪೊಯೆಟ್ರಿ’. ಹಣ ಕೊಟ್ಟ ರೂತ್ ಲಿಲಿ, ಇಂಡಿಯಾನಾಪೊಲಿಸ್‌ನ ಹೆಸರಾಂತ ಔಷಧ ಕಂಪನಿಯನ್ನು ಸ್ಥಾಪಿಸಿದ ಈಲೈ ಲಿಲಿಯ ಮರಿಮಗಳು. ಅವರು ಕಳುಹಿಸಿದ ಪದ್ಯಗಳನ್ನು ಸಂಪಾದಕ ಜೋಸೆಫ್ ಪರೀಸಿ, ಸ್ವಹಸ್ತಾಕ್ಷರದಲ್ಲಿ ನಾಲ್ಕು ಸೌಜನ್ಯದ ಮಾತು ಬರೆದು ಹಿಂದಿರುಗಿಸಿದ್ದರು. ದಾನಿಗಳಿಗೆ ಮುಖಪುಟವನ್ನೇ ಬಿಟ್ಟುಕೊಡುವ ಪತ್ರಿಕೆಗಳನ್ನು ಕಂಡ ನಮಗೆ ಇಲ್ಲಿ ಇಬ್ಬರ ಬಗೆಗೂ ಗೌರವ ಮೂಡುತ್ತದೆ. 2002ರಲ್ಲಿ ಆಕೆ ಅದೇ ಪತ್ರಿಕೆಗೆ ಸುಮಾರು 10 ಕೋಟಿ ಡಾಲರ್ ಬೆಲೆಬಾಳುವ ಆಸ್ತಿಯನ್ನು ದಾನವಾಗಿ ಘೋಷಿಸಿದಾಗ, ಬೆರಳೆಣಿಕೆಯ ಸಿಬ್ಬಂದಿಯಿಂದ ನಡೆಯುತ್ತಿದ್ದ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಸಾಹಿತ್ಯ ಸಂಸ್ಥೆಗಳ ಸಾಲಿಗೆ ಸೇರಿತು. ಮರುವರ್ಷ ಪೊಯೆಟ್ರಿ ಫೌಂಡೇಷನ್ ರೂಪುಗೊಂಡಿತು.

ಹಣದ ಪ್ರಶ್ನೆ ಬಗೆಹರಿದರೂ ಆಯ್ಕೆಯ ಪ್ರಶ್ನೆ ಉಳಿದೇ ಇತ್ತು. ಪ್ರಶಸ್ತಿ ಪಡೆದ ಮೊದಲ 15 ಮಂದಿಯಲ್ಲಿ ಫಿಲಿಪ್ ಲೆವೀನ್, ಜಾನ್ ಆಶ್ಬೆರಿ, ಡಬ್ಲ್ಯು.ಎಸ್. ಮರ್ವಿನ್ ಅವರಂಥ ದೊಡ್ಡ ಕವಿಗಳಿದ್ದರು, ಆದರೆ ಕಪ್ಪು ಜನಾಂಗದ ಒಬ್ಬರೂ ಇರಲಿಲ್ಲ. 2001ರಲ್ಲಿ ಯೂಸೆಫ್ ಕೊಮುನ್ಯಾಕಾ ಅವರಿಗೂ 2007ರಲ್ಲಿ ಲುಸಿಲ್ ಕ್ಲಿಫ್ಟನ್ ಅವರಿಗೂ ಪ್ರಶಸ್ತಿ ಬಂತು. ಮಸ್ಕೋಗಿ ಮೂಲನಿವಾಸಿ ಕವಯಿತ್ರಿ ಜಾಯ್ ಹಾರ್ಜೊ ಅವರ ಸರದಿ ಬರುವಾಗ 2017 ಆಗಿತ್ತು.

2020ರಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಫೌಂಡೇಷನ್ ಹೊರಡಿಸಿದ ನಾಲ್ಕೇ ವಾಕ್ಯಗಳ ಹೇಳಿಕೆ ಕವಿಗಳನ್ನು ಕೆರಳಿಸಿತು. ಇಷ್ಟು ಸಂಪತ್ತುಳ್ಳ ಸಂಸ್ಥೆ ಬಾಯುಪಚಾರದಲ್ಲೇ ಕೈತೊಳೆದುಕೊಳ್ಳುತ್ತಿದೆ ಎಂಬ ಬಹಿರಂಗ ಪತ್ರಕ್ಕೆ ನೂರಾರು ಕವಿಗಳು ಸಹಿ ಹಾಕಿದರು. ಅಧ್ಯಕ್ಷರೂ ಆಡಳಿತ ಮಂಡಳಿಯ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. ಎರಡು ವರ್ಷಗಳ ನಂತರ, ಪತ್ರಿಕೆಯ 110ನೇ ವರ್ಷದ ನೆಪದಲ್ಲಿ, ಕಪ್ಪು ಜನಾಂಗದ ರೀಟಾ ಡವ್, ನಿಕ್ಕಿ ಜೋವಾನಿ, ಸೋನಿಯಾ ಸ್ಯಾಂಚೆಜ್, ಹಾಕಿ ಮಧುಬುಟಿ, ಚೀನೀ ಮೂಲದ ಆರ್ಥರ್ ಝೀ ಸೇರಿದಂತೆ 11 ಮಂದಿಗೆ ಒಟ್ಟಿಗೇ ಪ್ರಶಸ್ತಿ ನೀಡಲಾಯಿತು, ತಲಾ 1,00,000 ಡಾಲರಿನಂತೆ. ಇದನ್ನು ಸಂಭ್ರಮಾಚರಣೆ ಎಂದು ಕರೆಯಲಾಯಿತಾದರೂ, ಆ ಪಟ್ಟಿಯನ್ನು ಓದಿದರೆ ಹಳೆಯ ಬಾಕಿ ತೀರಿಸಿದಂತೆಯೇ ಕಾಣುತ್ತದೆ. 2023ರಲ್ಲಿ ಪ್ರಶಸ್ತಿ ಮತ್ತೆ ಒಬ್ಬರಿಗೇ, ಕಿಮಿಕೊ ಹಾನ್ ಅವರಿಗೆ, ಸಂದಿತು.